ಮುನಿರಾಜಣ್ಣ ಕುಡುಕನಾದ ಅವರೆಕಾಲ

ಅವರೆಕಾಯಿಯ ಸೊಗಡಿಗೆ ನಮ್ಮ ಕಡೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ, ನನಗೆ ಮಾತ್ರ ಫಿನಾಯಿಲ್ ನೆನಪಾಗುತ್ತದೆ. ಮೊನ್ನೆ ಚಿಂತಾಮಣಿಯಲ್ಲಿ ಬಸ್ಸಿಳಿದರೆ ರಸ್ತೆಯ ಪಕ್ಕ ಗೋಣಿಚೀಲ ಬಿಚ್ಚಿ ಕಾಯಿ ರಾಶಿ ಹಾಕಿದ್ದರು. ಮಂಜು ಕುಡಿದ ಕಾಯಿ, ಮುಟ್ಟಿದರೆ ಕೈಯೆಲ್ಲ ಅಂಟಂಟು. ಮಾರುವ ಹೆಂಗಸು ಮೂಗಿನಲ್ಲೇ ಮಾತಾಡುತ್ತ, "ಬಾರಪ್ಪಾ, ಸೊಗಡ್ ನೋಡು, ಮೂಗಿಗೇ ಹೊಡೀತೈತೆ" ಅಂದಳು. ನಾನೂ ಮೂಗಿನಲ್ಲೇ, "ಹೊಡೀತಮ್ಮಾ, ಸರಿಯಾಗೇ ಹೊಡೀತು" ಅಂದೆ. ಪಕ್ಕದ ರಾಶಿಯವಳು ನಕ್ಕಳು. ಇವಳು ನಗಲಿಲ್ಲ.

ಇದು ನನ್ನ ರೋಗ. ಎದುರಿಗೆ ಯಾರು ನಿಂತರೂ ಅವರ ದನಿ ನನ್ನ ಗಂಟಲಿಗೆ ಬಂದು ಕೂತುಬಿಡುತ್ತದೆ. ಕಾಲೇಜಿನಲ್ಲಿ ಲೆಕ್ಕಶಾಸ್ತ್ರದ ಮೇಷ್ಟ್ರ ದನಿಯಲ್ಲಿ ಹಾಜರಿ ಕರೆದು ಒಂದು ವಾರ ಹೊರಗಿದ್ದವನು ನಾನು. ಊರಲ್ಲಿ ಯಾರಾದರೂ ಸತ್ತರೂ ಹೆಂಗಸರು, "ಕಿಟ್ಟಿ, ಅವ್ರು ಹೆಂಗ್ ಕೆಮ್ಮೋರು, ಮಾಡ್ ತೋರ್ಸೋ" ಅಂತ ಕಣ್ಣೊರೆಸಿಕೊಳ್ಳುತ್ತ ಕೇಳುತ್ತಿದ್ದರು. ನಾನು ಮಾಡಿ ತೋರಿಸುತ್ತಿದ್ದೆ. ನಾಚಿಕೆ ಅನ್ನುವ ಭಾಗವನ್ನು ನನ್ನೊಳಗೆ ಇಡುವುದಕ್ಕೆ ದೇವರು ಮರೆತಿದ್ದ.

ಆ ವರ್ಷ ನಾನು ಚಿಕ್ಕಬಳ್ಳಾಪುರದಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೆ; ಓದುತ್ತಿದ್ದೆ ಅನ್ನುವುದು ಮನೆಯವರ ನಂಬಿಕೆ. ಇರುತ್ತಿದ್ದುದು ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ, ದೊಡ್ಡಮ್ಮನ ಮನೆಯಲ್ಲಿ. ದೊಡ್ಡಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. ಉಳಿದವರು ದೊಡ್ಡಮ್ಮ, ಅವಳ ಒಬ್ಬನೇ ಮಗ ಮುನಿರಾಜಣ್ಣ, ಎರಡೆಕರೆ ಹಿಪ್ಪುನೇರಳೆ ತೋಟ, ಮನೆಯ ಹಿಂದೆ ರೇಷ್ಮೆಹುಳು ಸಾಕುವ ಉದ್ದನೆಯ ಶೆಡ್ಡು. ನಾವು ಅದನ್ನು ಹುಳುಮನೆ ಅನ್ನುತ್ತೇವೆ. ಅಣ್ಣನಿಗೆ ಆಗ ಮೂವತ್ತು. ಊರಿನವರು ಅವನನ್ನು ಹುಳುಗಳ ಯಜಮಾನ ಅನ್ನುತ್ತಿದ್ದರು, ನಾನು ಹುಳುಗಳ ಸೊಸೆ ಅನ್ನುತ್ತಿದ್ದೆ. ಅಷ್ಟು ಮಡಿ. ಹುಳುವಿಗೆ ಹೊಗೆಸೊಪ್ಪಿನ ಗಾಳಿ ಸೋಕಿದರೂ ಸಾಯುತ್ತದೆ, ಸೆಂಟಿನ ವಾಸನೆ ಆಗಿಬರುವುದಿಲ್ಲ, ಅದಕ್ಕೆ ಅವನು ಬೀಡಿ ಮುಟ್ಟಲಿಲ್ಲ, ಎಲೆಯಡಿಕೆ ಹಾಕಲಿಲ್ಲ, ಎಣ್ಣೆಯ ಅಂಗಡಿ ಇದ್ದ ರಸ್ತೆಯಲ್ಲಿ ಮೂಗು ಮುಚ್ಚಿಕೊಂಡು ಹೋಗುತ್ತಿದ್ದ. ಸೊಪ್ಪು ತರುವ ಆಳುಗಳು ಬಂದರೆ ಬಾಗಿಲಲ್ಲೇ ನಿಲ್ಲಿಸಿ, "ಬಾಯಿ ಊದ್ರಪ್ಪ" ಅನ್ನುತ್ತಿದ್ದ, ಪೊಲೀಸಿನವರ ಹಾಗೆ. ಹೊರಗಿನವರು ಯಾರೂ ಒಳಗೆ ಕಾಲಿಡುವ ಹಾಗಿರಲಿಲ್ಲ.

ಆ ಶೆಡ್ಡಿನ ಮೂಲೆಯಲ್ಲಿ, ಸುಣ್ಣದ ಚೀಲದ ಹಿಂದೆ, ಅವನ ಮಾತ್ರೆಗಳು ಇರುತ್ತಿದ್ದವು.

ಹತ್ತನೇ ಕ್ಲಾಸಿನಿಂದ ಅವನಿಗೆ ಫಿಟ್ಸ್. ವರ್ಷಕ್ಕೆ ಒಂದೋ ಎರಡೋ ಸಲ, ಮಾತ್ರೆ ತಪ್ಪಿದಾಗ ಇನ್ನೊಂದು. ದೊಡ್ಡಮ್ಮ ಆ ಪದವನ್ನು ಬಾಯಲ್ಲಿ ತಂದವಳಲ್ಲ, 'ಅದು' ಅನ್ನುತ್ತಿದ್ದಳು. 'ಅದು ಬಂದು ಎಂಟು ತಿಂಗ್ಳಾಯ್ತು' ಅಂದರೆ ಹಬ್ಬ ಬಂದ ಹಾಗೆ. ಈ ಮಾತ್ರೆಯನ್ನು ಶಿಡ್ಲಘಟ್ಟದಲ್ಲಿ ಕೊಳ್ಳುವ ಹಾಗಿಲ್ಲ, ಮೆಡಿಕಲ್ ಸ್ಟೋರಿನವನು ನಮ್ಮವನೇ. ಚಿಕ್ಕಬಳ್ಳಾಪುರದಲ್ಲಿ ಕೊಳ್ಳುವ ಹಾಗಿಲ್ಲ, ಅಲ್ಲಿ ಚಿಕ್ಕಪ್ಪಂದಿರ ಒಂದು ಸೈನ್ಯವೇ ಇದೆ. ಅದಕ್ಕೆ ಚಿಂತಾಮಣಿ. ತಿಂಗಳಿಗೊಂದು ಸಲ ನಾನು ಬೈಕ್ ಓಡಿಸುತ್ತಿದ್ದೆ, ಅವನು ಹಿಂದೆ ಕೂರುತ್ತಿದ್ದ. ಡಾಕ್ಟರನ್ನು ನೋಡಿ, ಮಾತ್ರೆ ಕೊಂಡು, ಪೇಪರ್ ಕವರನ್ನು ಚೂರು ಮಾಡಿ ದಾರಿಯಲ್ಲಿ ಬಿಸಾಕಿ, ಮಾತ್ರೆಯ ಪಟ್ಟಿಗಳನ್ನು ಅಂಗಿಯೊಳಗೆ ಸೇರಿಸಿಕೊಂಡು ಸಂಜೆಗೆ ವಾಪಸ್. ಕೈಯಲ್ಲಿ ಒಂದು ಪೊಟ್ಟಣ ಬೋಂಡ. ಯಾರಾದರೂ ಕೇಳಿದರೆ ಬೋಂಡಕ್ಕೆ ಹೋಗಿದ್ವಿ.

ಆ ಸಲ ಮದುವೆ ಗೊತ್ತಾಯಿತು. ಗೌರಿಬಿದನೂರಿನ ಕಡೆಯವರು. ಹೆಣ್ಣಿನ ಅಪ್ಪ ಅಶ್ವತ್ಥಪ್ಪ, ದಪ್ಪ ಮೀಸೆ, ಮಾತಿಗೊಂದು ತೆಲುಗು. ಹುಡುಗಿ ಅಂಗನವಾಡಿಯಲ್ಲಿ ಟೀಚರ್. ಅಣ್ಣ ಅವಳನ್ನು ನೋಡಿಬಂದ ದಿನ ಹುಳುಗಳಿಗೆ ಸೊಪ್ಪು ಹಾಕುತ್ತ ತನ್ನಷ್ಟಕ್ಕೆ ನಗುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿ, ಅದನ್ನೇ ಒಂದು ವಾರ ಮಾಡಿ ತೋರಿಸಿ ಅವನ ಪ್ರಾಣ ತಿಂದಿದ್ದೆ. ನಿಶ್ಚಿತಾರ್ಥ ಮುಗಿಯಿತು. ಧನುರ್ಮಾಸ ಕಳೆದು, ಸಂಕ್ರಾಂತಿಯಾಗಿ, ಮಾಘದಲ್ಲಿ ಮುಹೂರ್ತ.

ದೊಡ್ಡಮ್ಮನಿಗೆ ಒಂದೇ ಭಯ. ಮಂಟಪದಲ್ಲಿ, ಹೊಗೆಯ ಮುಂದೆ, ನಿದ್ದೆಗೆಟ್ಟು ಕೂತಾಗ 'ಅದು' ಬಂದರೆ? ಆ ತಿಂಗಳು ಅವಳೂ ಚಿಂತಾಮಣಿಗೆ ಬಂದಳು; ಅವಳು ಬಸ್ಸಿನಲ್ಲಿ, ನಾವು ಬೈಕಿನಲ್ಲಿ. ಡಾಕ್ಟರು ವಯಸ್ಸಾದವರು, ಪ್ರತಿ ವಾಕ್ಯದ ನಡುವೆ ಒಂದು ಕೆಮ್ಮು. "ಮದ್ವೆ ಮುಗ್ಯೋಗಂಟ ಬರಲೇಬಾರ್ದು ಸ್ವಾಮಿ, ಜೋರಾಗಿರೋದ್ ಕೊಡಿ" ಅಂತ ದೊಡ್ಡಮ್ಮ ಕಾಲಿಗೆ ಬೀಳುವುದೊಂದು ಬಾಕಿ. ಅವರು ಬೇಡ ಬೇಡ ಅನ್ನುತ್ತಲೇ, ಮಾತ್ರೆ ತಪ್ಪಿದಾಗ ಬಂದ ಹಿಂದಿನ ಫಿಟ್ಸನ್ನು ಲೆಕ್ಕ ಹಾಕಿ, ಪ್ರಮಾಣ ಹೆಚ್ಚು ಮಾಡಿದರು. ಆಮೇಲೆ ಅಣ್ಣನನ್ನು ಬಿಟ್ಟು, ನನಗೆ ಬೆರಳು ತೋರಿಸಿ ಹೇಳಿದರು: "ಹೊಟ್ಟೆನೋವು, ಖ್ಖೊ, ವಾಂತಿ, ಖ್ಖೊ, ಏನಾದ್ರೂ ಬಂದ್ರೆ ಆ ನಿಮಿಷವೇ ಕರ್ಕೊಂಡ್ ಬಾ. ಅಪರೂಪಕ್ಕೆ ಈ ಮಾತ್ರೆ, ಖ್ಖೊ, ಒಳಗೆ ಹೊಡೀತದೆ."

ಬೈಕಿನಲ್ಲಿ ವಾಪಸ್ ಬರುವಾಗ ಅದನ್ನು ಹತ್ತು ಸಲ ಮಾಡಿದೆ. ಖ್ಖೊ ಎಲ್ಲೆಲ್ಲಿ ಬಂತೋ ಅಲ್ಲಲ್ಲೇ. ಅಣ್ಣ ಹಿಂದೆ ಕೂತು ನಕ್ಕು ನಕ್ಕು, "ಸಾಕೋ, ಬೀಳ್ತೀನಿ" ಅಂದ. ಮನೆ ಮುಟ್ಟುವ ಹೊತ್ತಿಗೆ ನನಗೆ ಅವರ ಕೆಮ್ಮು ಬಾಯಿಪಾಠವಾಗಿತ್ತು. ಹೇಳಿದ ಮಾತು ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

ಮೂರು ವಾರ ಕಳೆದಿರಬೇಕು. ಅವರೆಕಾಯಿ ಜೋರಾಗಿ ಬರುವ ಕಾಲ. ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ತಿನ್ನುವುದು ಬಿಟ್ಟು ತಲೆಯೆತ್ತಿ ಸುಮ್ಮನೆ ಇರುತ್ತವಲ್ಲ, ಅದನ್ನು ಜ್ವರ ಅನ್ನುತ್ತೇವೆ. ಹುಳುಮನೆಯೊಳಗೆ ಯಾವ ಸದ್ದೂ ಇರಲಿಲ್ಲ. ಅಣ್ಣ ಮಧ್ಯಾಹ್ನ ಹಿತುಕಿದ ಬೇಳೆ ಸಾರಲ್ಲಿ ಮುದ್ದೆ ಉಂಡು ಎದ್ದವನು ಹೊಟ್ಟೆ ಹಿಡಿದುಕೊಂಡು ಕೂತ. "ಗ್ಯಾಸು" ಅಂದ. ಅವರೆಕಾಲದಲ್ಲಿ ಇಡೀ ಜಿಲ್ಲೆಗೇ ಗ್ಯಾಸು, ಯಾರು ಕೇಳುತ್ತಾರೆ? ದೊಡ್ಡಮ್ಮ ಓಮದ ನೀರು ಕೊಟ್ಟಳು. ಸಂಜೆಗೆ ನೋವು ಬೆನ್ನಿಗೆ ತೂರಿತು. ಮಲಗಲಾರ, ನಿಲ್ಲಲಾರ, ಸುತ್ತಿಟ್ಟ ಚಾಪೆಯನ್ನು ತಬ್ಬಿಕೊಂಡು ಮುಂದಕ್ಕೆ ಬಗ್ಗಿ ಕೂತರೆ ಒಂದಿಷ್ಟು ಹಗುರ. ಬೆಳಿಗ್ಗೆ ಸೊಪ್ಪು ಕುಯ್ಯುವ ಹೆಂಗಸರು ಬಂದಾಗ ನಾನು ಒಂದು ಚಾಪೆಯನ್ನು ತಬ್ಬಿಕೊಂಡು, ಬಗ್ಗಿಕೊಂಡು, ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದೆ.

"ಹೊಸ ಮದ್ವಣಿಗ ಈಗ್ಲಿಂದ್ಲೇ ತಬ್ಬಿಕೊಳ್ಳೋದ್ ಕಲೀತಾವ್ನೆ" ಅಂದೆ.

ಅವರು ಕುಡುಗೋಲು ಕೆಳಗಿಟ್ಟು ನಕ್ಕರು. ಒಳಗೆ ಅಣ್ಣ ಹಸಿರು ವಾಂತಿ ಮಾಡುತ್ತಿದ್ದ.

ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ನಾವು ಮುಟ್ಟುವ ಮುಂಚೆಯೇ ಸುದ್ದಿ ಗೌರಿಬಿದನೂರು ಮುಟ್ಟಿತ್ತು. ರಕ್ತದ ರಿಪೋರ್ಟು ಬರುವ ಹೊತ್ತಿಗೆ ಅಶ್ವತ್ಥಪ್ಪ ಹೆಂಡತಿಯನ್ನೂ ಒಂದು ಚೀಲ ಅವರೆಕಾಯಿಯನ್ನೂ ತಂದು ಫಿನಾಯಿಲ್ ನಾರುವ ವಾರ್ಡಿನ ವರಾಂಡದಲ್ಲಿ ಕೂರಿಸಿದ್ದ. ರೋಗಿಯನ್ನು ನೋಡಲು ಬಂದವರು ಸುಮ್ಮನೆ ಕೂರಬಾರದಲ್ಲ; ಹೆಂಗಸರಿಬ್ಬರೂ ಕಾಯಿ ಸುಲಿಯುತ್ತ, ನೆನೆಸಿಟ್ಟ ಕಾಳನ್ನು ಹೆಬ್ಬೆರಳಲ್ಲಿ ಹಿತುಕುತ್ತ ಕೂತರು. ಪಿಚಕ್ ಅಂತ ಬೇಳೆ ಹಾರಿ ಪಾತ್ರೆಗೆ ಬೀಳುತ್ತಿತ್ತು, ಸಿಪ್ಪೆ ಕೈಯಲ್ಲಿ ಉಳಿಯುತ್ತಿತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಕಣ್ಣ ಕೆಳಗೆ ಕಪ್ಪು. ನಮ್ಮನ್ನು ಬದಿಗೆ ಕರೆಯದೆ ಮಂಚದ ಹತ್ತಿರವೇ ನಿಂತು ಹೇಳಿದರು. "ಮೇದೋಜೀರಕ ಅಂತ ಒಂದು ಅಂಗ ಇದೆ, ಜಠರದ ಹಿಂದ್ಗಡೆ. ಅದು ಊದ್ಕೊಂಡಿದೆ. ಊಟ ಅರಗಿಸೋ ರಸ ತನ್ನನ್ನೇ ಅರಗಿಸ್ಕೊಳ್ತಾ ಇದೆ. ಪಿತ್ತಕೋಶದಲ್ಲಿ ಕಲ್ಲಿಲ್ಲ, ಸ್ಕ್ಯಾನಿಂಗ್ ನೋಡಿದೆ. ಕುಡೀತಾರಾ?"

ಅಣ್ಣನ ಮೂಗಿನಲ್ಲಿ ನಳಿಕೆ. ತಲೆ ಅಲ್ಲಾಡಿಸಿದ, ಇಲ್ಲ ಅಂತ.

"ಬೇರೆ ಏನಾದ್ರೂ ಮಾತ್ರೆ ತಗೋತಿದ್ರಾ? ಯಾವ್ದಕ್ಕಾದ್ರೂ? ಸರಿಯಾಗಿ ಯೋಚ್ನೆ ಮಾಡಿ ಹೇಳಿ."

ಅಶ್ವತ್ಥಪ್ಪ ಮಂಚದ ಆ ಕಡೆ, ಅಳಿಯನ ಪಾದ ಒತ್ತುತ್ತ ನಿಂತಿದ್ದ. ದೊಡ್ಡಮ್ಮ ಅವನನ್ನು ನೋಡಿದಳು, ಡಾಕ್ಟರನ್ನು ನೋಡಿದಳು. "ಮಾತ್ರೆ ಗೀತ್ರೆ ಏನಿಲ್ಲಮ್ಮ" ಅಂದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಡಾಕ್ಟರು ಪೆನ್ನು ಎತ್ತಿಕೊಂಡು ಕಾಯುತ್ತಿದ್ದರು, ಖಾಲಿ ಜಾಗಕ್ಕೆ ಏನಾದರೂ ತುಂಬಬೇಕಿತ್ತು.

"ಕುಡೀತಾನೆ" ಅಂದಳು ದೊಡ್ಡಮ್ಮ.

ಅಣ್ಣ ಅಮ್ಮನ ಮುಖವನ್ನೇ ನೋಡಿದ.

ಈಗ ನಿಂತು ಯೋಚಿಸಿದರೆ ಅವಳ ಲೆಕ್ಕ ನನಗೆ ಅರ್ಥವಾಗುತ್ತದೆ. ಕುಡುಕನಿಗೆ ಹೆಣ್ಣು ಸಿಗುತ್ತದೆ. ನಮ್ಮ ನೆಂಟರಲ್ಲೇ ಮೂರು ಜನಕ್ಕೆ ಸಿಕ್ಕಿದೆ, ಒಬ್ಬನಿಗೆ ಎರಡು ಸಲ. ಫಿಟ್ಸ್ ಇರುವವನಿಗೆ ಸಿಗುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸುವುದಕ್ಕೆ ಅವಳಿಗೆ ಎರಡು ಉಸಿರಿನಷ್ಟು ಸಮಯ ಸಾಕಾಯಿತು.

ತೊಂದರೆ ಏನೆಂದರೆ ಯಾರೂ ನಂಬಲಿಲ್ಲ. ಅಶ್ವತ್ಥಪ್ಪ ಒತ್ತುವುದನ್ನು ನಿಲ್ಲಿಸಿ ದೊಡ್ಡಮ್ಮನ ಕಡೆ ತಿರುಗಿದ. "ಏಂದಿ ಲಕ್ಷ್ಮಮ್ಮ, ಹುಳುಮನೆ ಮುನಿರಾಜು ಕುಡೀತಾನಾ? ಬಾಗ್ಲಲ್ಲೇ ಆಳುಗಳ ಬಾಯಿ ಊದ್ಸೋನು?"

ದೊಡ್ಡಮ್ಮ ನನ್ನ ಕಡೆ ತಿರುಗಿದಳು. ಆ ನೋಟ ನನಗೆ ಗೊತ್ತಿತ್ತು. ಮನೆಗೆ ನೆಂಟರು ಬಂದಾಗ, "ಕಿಟ್ಟಿ, ಒಂದ್ ಮಾಡ್ ತೋರ್ಸೋ" ಅನ್ನುವ ನೋಟ.

ಮಾಡಿ ತೋರಿಸಿದೆ.

"ಊರಲ್ಲಿ ಕುಡೀತಾನಾ ಮಾಮ? ಅದ್ಕೇ ತಿಂಗ್ ತಿಂಗ್ಳು ಚಿಂತಾಮಣಿಗೆ ಹೋಗೋದು" ಅಂದೆ. ನಮ್ಮನ್ನು ಅಲ್ಲಿ ಕಂಡವರಿದ್ದರಲ್ಲ, ಸುಳ್ಳಿಗೆ ಸಾಕ್ಷಿಯೂ ಸಿಕ್ಕಿತು. ಆಮೇಲೆ ನಾನು ಮುನಿರಾಜಣ್ಣನಾದೆ. ಅವನ ನಿಧಾನದ ನಡಿಗೆ, ಕೈ ಮುಂದೆ ಚಾಚಿ ತಟ್ಟೆಯಲ್ಲಿ ಹುಳು ಹುಡುಕುವ ಹಾಗೆ ಹುಡುಕುವುದು. ಗಾಳಿಯಲ್ಲಿ ಒಂದು ಗ್ಲಾಸು ಹಿಡಿದು ಮೂಸಿ ನೋಡಿದೆ. ಒಂದು ಗುಟುಕು ಎಳೆದು, "ನನ್ ಹುಳುಗಳು ಮಲ್ಕೊಂಡ್ವಾ ಕಿಟ್ಟಿ? ಸದ್ದು ಮಾಡ್ಬೇಡ" ಅಂತ ಅಣ್ಣನ ದನಿಯಲ್ಲಿ ತೊದಲಿದೆ. ಪಕ್ಕದ ಮಂಚದ ಮುದುಕ, ಡ್ರಿಪ್ಪು ಹಾಕಿಸಿಕೊಂಡವನು, ನಕ್ಕ. ನರ್ಸು ನಕ್ಕಳು. ಬೈಕಿನ ಹಿಂದೆ ಕೂತು, ನನ್ನ ಬೆನ್ನಿಗೆ ತಲೆಯಿಟ್ಟು, ಶಿಡ್ಲಘಟ್ಟ ಬರುವವರೆಗೂ ಅಂಗನವಾಡಿ ಟೀಚರಿನ ಹೆಸರು ಜಪಿಸುವ ಮುನಿರಾಜಣ್ಣನನ್ನು ಮಾಡಿದಾಗ ಅಶ್ವತ್ಥಪ್ಪನ ಮೀಸೆಯೇ ಅಲುಗಾಡಿತು.

"ಹಾಳಾದೋನೇ" ಅಂತ ಅಳಿಯನ ಕಾಲಿಗೆ ಮೆಲ್ಲಗೆ ಹೊಡೆದ. "ಗಂಡ್ಸು ಅಂದ್ಮೇಲೆ ಒಂದ್ ಚಟ ಇರ್ಬೇಕಪ್ಪ. ನಿಜ ಹೇಳ್ತೀನಿ ಲಕ್ಷ್ಮಮ್ಮ, ನನ್ಗೇ ಅನ್ಮಾನ ಇತ್ತು, ಇವನೇನು ಇಷ್ಟೊಂದ್ ಒಳ್ಳೇವನು ಅಂತ. ಮದ್ವೆ ಆದ್ರೆ ನಮ್ ಹುಡ್ಗಿ ಬಿಡುಸ್ತಾಳೆ."

ನಾನು ಬಗ್ಗಿ ನಮಸ್ಕಾರ ಮಾಡಿದೆ, ನಾಟಕ ಮುಗಿದ ಮೇಲೆ ಮಾಡುವ ಹಾಗೆ. ತಲೆಯೆತ್ತಿದಾಗ ಅಣ್ಣ ಗೋಡೆಯ ಕಡೆ ತಿರುಗಿ ಮಲಗಿದ್ದ. ಡಾಕ್ಟರು ಮಾತ್ರ ನಕ್ಕಿರಲಿಲ್ಲ. ಫೈಲಿನಲ್ಲಿ ಬರೆದುಕೊಂಡು, "ಇನ್ಮುಂದೆ ಒಂದ್ ತೊಟ್ಟು ಬಾಯಿಗೆ ಬಿದ್ರೂ ನೀವು ಉಳಿಯೋದಿಲ್ಲ" ಅಂತ ಅಣ್ಣನ ಬೆನ್ನಿಗೆ ಹೇಳಿ ಹೋದರು.

ಬಾಯಿಗೆ ಏನೂ ಕೊಡುವ ಹಾಗಿರಲಿಲ್ಲ, ನೀರೂ ಇಲ್ಲ. ಆದ್ದರಿಂದ ಮಾತ್ರೆಯೂ ನಿಂತಿತು. ನಿಂತ ಮೂರನೇ ದಿನಕ್ಕೆ ಅವನ ಮುಖಕ್ಕೆ ಕಳೆ ಬಂತು. ಮಲಗಿ ನಿದ್ದೆ ಮಾಡಿದ. ಡ್ರಿಪ್ಪಿನ ಪುಣ್ಯ ಅಂದುಕೊಂಡೆವು. ನಳಿಕೆ ತೆಗೆದರು, ಗುಟುಕು ಗುಟುಕು ನೀರು ಕೊಡಿ ಅಂದರು. ನೋಡಲು ಬಂದ ಊರಿನವರೆಲ್ಲ ಮಂಚದ ತುದಿಯಲ್ಲಿ ಕೂತು, ಅವನ ತಲೆ ಸವರಿ, ಕುಡಿತ ಬಿಡುವುದು ಹೇಗೆ ಅಂತ ಪಾಠ ಹೇಳಿದರು. ಹೇಳಿದವರಲ್ಲಿ ಇಬ್ಬರ ಬಾಯಿ ಬೆಳಗಿನ ಹನ್ನೊಂದು ಗಂಟೆಗೇ ನಾರುತ್ತಿತ್ತು. ಅಣ್ಣ ಎಲ್ಲದಕ್ಕೂ "ಆಯ್ತಣ್ಣ, ಬಿಡ್ತೀನಿ" ಅಂದ.

ನೀರು ಕೊಡಿ ಅಂದ ದಿನ ಬೆಳಿಗ್ಗೆಯೇ ದೊಡ್ಡಮ್ಮ ನನ್ನನ್ನು ವರಾಂಡದ ಮೂಲೆಗೆ ಕರೆದಳು. ಅವರೆಕಾಯಿ ಚೀಲದೊಳಗೆ ಕೈ ಹಾಕಿ ಮನೆಯಿಂದ ತಂದು ತಳದಲ್ಲಿ ಬಚ್ಚಿಟ್ಟಿದ್ದ ಮಾತ್ರೆಯ ಪಟ್ಟಿ ತೆಗೆದಳು. ಪಟ್ಟಿಗೂ ಸೊಗಡಿನ ಜಿಡ್ಡು ಅಂಟಿತ್ತು.

"ಮೂರ್ ದಿನ ಆಯ್ತು ಕಣೋ. ಇಲ್ಲೇ, ಇಷ್ಟ್ ಜನದ್ ಮುಂದೆ ಅದು ಬಂದ್ರೆ ಏನ್ ಮಾಡ್ಲಿ? ನೀರಿನ ಜೊತೆ ಕೊಟ್ಬಿಡು. ತಪ್ಪೋಗಿರೋದೂ ಸೇರ್ಸಿ ನಾಲ್ಕು ಕೊಡು."

ನರ್ಸು ಆ ಕಡೆ ತಿರುಗಿದಾಗ ಅಣ್ಣನ ಅಂಗೈಗೆ ನಾಲ್ಕು ಮಾತ್ರೆ ಇಟ್ಟೆ. ಅವನು ನುಂಗಲಿಲ್ಲ. "ಬೇಡ ಕಣೋ. ಡಾಕ್ಟರಮ್ಮನ್ನ ಒಂದ್ ಮಾತು ಕೇಳಾಣ" ಅಂದ. ಅವನಿಗೆ ಏನೋ ಅನ್ನಿಸಿತ್ತು. ನಾನು ದೊಡ್ಡಮ್ಮನಾದೆ; ಇಲ್ಲದ ಸೆರಗಿನಿಂದ ಮೂಗು ಒರೆಸಿಕೊಂಡು, ಅವಳ ಅಳುದನಿಯಲ್ಲಿ, "ನುಂಗಪ್ಪ ನನ್ ಬಂಗಾರ, ನಿನ್ ಕಾಲ್ಗ್ ಬೀಳ್ತೀನಿ, ನಿಮ್ಮಪ್ಪ ಬೇರೆ ಇಲ್ಲ" ಅಂದೆ. ಅವನಿಗೆ ನಗು ಬಂತು. ನಗು ಬಂದರೆ ಅಣ್ಣ ಯಾವುದಕ್ಕೂ ಇಲ್ಲ ಅನ್ನುತ್ತಿರಲಿಲ್ಲ. ನುಂಗಿದ. ರಾತ್ರಿಯದನ್ನೂ ನಾನೇ ಕೊಟ್ಟೆ.

ಮಾರನೇ ದಿನ ಬೆಳಿಗ್ಗೆ ಅವನು ಕಿರುಚಿದ ಸದ್ದಿಗೆ ಪಕ್ಕದ ಮಂಚದ ಮುದುಕ ಎದ್ದು ಕೂತ. ಮೊದಲನೇ ಸಲದ ನೋವು ಏನೂ ಅಲ್ಲ ಅನ್ನುವ ಹಾಗಿತ್ತು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು, ತುಟಿ ನೀಲಿ. ಡಾಕ್ಟರು ಓಡಿಬಂದು, ಮುಟ್ಟಿ ನೋಡಿ, ರಕ್ತ ತೆಗೆಸಿ, ಆಮೇಲೆ ನನ್ನ ಕಡೆ ತಿರುಗಿದರು. "ವಾರ್ಡ್ ಒಳಗೆ ಯಾರು ಎಣ್ಣೆ ತಂದ್ಕೊಟ್ಟಿದ್ದು?"

ಚಿಂತಾಮಣಿಗೆ ಜೊತೆಗೆ ಹೋಗುವವನು ಯಾರು ಅಂತ ಇಡೀ ವಾರ್ಡಿಗೆ ಗೊತ್ತಿತ್ತು. ನಾನೇ ಟಿಕೆಟ್ಟಿಲ್ಲದೆ ತೋರಿಸಿದ್ದೆನಲ್ಲ. ಕಾವಲಿನವನು ನನ್ನ ಬ್ಯಾಗು ಕೊಡವಿದ. ಒಂದು ಬಾಚಣಿಗೆ, ಒಂಬತ್ತು ಅಂಕ ಬಿದ್ದ ಕಾಸ್ಟಿಂಗ್ ಪೇಪರು, ಅರ್ಧ ತಿಂದ ಬನ್ನು. ಬಾಟಲಿ ಸಿಗಲಿಲ್ಲ. ಸಿಗದಿದ್ದುದಕ್ಕೇ ಅನುಮಾನ ಗಟ್ಟಿಯಾಯಿತು. ಅಶ್ವತ್ಥಪ್ಪ ಬಂದವನೇ ನನ್ನ ಕೆನ್ನೆಗೆ ಬಾರಿಸಿದ.

"ಸಾಯುಸ್ತೀಯೇನೋ ನನ್ ಅಳಿಯನ್ನ? ನಿನ್ ಆಟಕ್ಕೆ ನನ್ ಮಗ್ಳು ತಾಳಿ ಬೇಕೇನೋ?"

ಅವನ ಕಣ್ಣಲ್ಲಿ ನೀರಿತ್ತು. ಇನ್ನೂ ಆಗದ ಅಳಿಯನಿಗಾಗಿ ಅಳುತ್ತಿದ್ದ ಒಳ್ಳೆಯ ಮನುಷ್ಯ. ನಾನು ಕೆನ್ನೆ ಹಿಡಿದುಕೊಂಡು ನಿಂತೆ. ಆ ಉರಿಯ ನಡುವೆ, ಎಲ್ಲಿಂದಲೋ, ಕೆಮ್ಮು ಬಂತು. ಖ್ಖೊ. ಆಮೇಲೆ ಮಾತು. ಹೊಟ್ಟೆನೋವು, ಖ್ಖೊ, ವಾಂತಿ, ಖ್ಖೊ. ಒಂದಕ್ಷರ ಬಿಡದೆ ಎಲ್ಲವೂ ನನ್ನ ಗಂಟಲಲ್ಲೇ ಇತ್ತು, ಇಷ್ಟು ದಿನ.

ಇಲ್ಲಿ ನಾನು ಓಡಿಹೋಗಿ ಡಾಕ್ಟರಿಗೆ ಹೇಳಿದೆ ಅಂತ ಬರೆದರೆ ನಿಮಗೂ ಹಿತ, ನನಗೂ ಹಿತ. ಹಾಗಾಗಲಿಲ್ಲ. ನಾನು ವರಾಂಡಕ್ಕೆ ಹೋಗಿ ದೊಡ್ಡಮ್ಮನ ಪಕ್ಕ ಕೂತೆ. ಅಣ್ಣನನ್ನು ಐಸಿಯುಗೆ ಹಾಕಿದ್ದರು. ಕಿಡ್ನಿ ನಿಧಾನವಾಗುತ್ತಿದೆ, ಹೀಗೇ ಆದರೆ ಬೆಂಗಳೂರಿಗೆ ಕಳಿಸಬೇಕು, ದಾರಿಯಲ್ಲಿ ಏನಾದರೂ ಆದರೆ ನಾವು ಹೊಣೆಯಲ್ಲ ಅಂದಿದ್ದರು. ದೊಡ್ಡಮ್ಮ ಕಾಳು ಹಿತುಕುತ್ತಿದ್ದಳು. ತಿನ್ನುವವರು ಯಾರೂ ಇರಲಿಲ್ಲ, ಆದರೂ.

"ದೊಡ್ಡಮ್ಮ, ಮಾತ್ರೆಯಿಂದ್ಲೇ ಆಗಿರೋದು. ಚಿಂತಾಮಣಿ ಡಾಕ್ಟ್ರು ಹೇಳಿದ್ರು."

"ಮೆಲ್ಗೆ ಮಾತಾಡು."

"ಹೇಳ್ಬಿಡಣ."

"ಹೇಳಿದ್ರೆ ಮದ್ವೆ ಹೋಯ್ತದೆ."

"ಹೇಳ್ದಿದ್ರೆ ಅಣ್ಣ ಹೋಗ್ತಾನೆ."

ಪಿಚಕ್ ಅಂತ ಒಂದು ಬೇಳೆ ಹಾರಿತು. "ಕುಡ್ದೋರೆಲ್ಲಾ ಸಾಯ್ತಾರಾ? ವಾಸಿ ಆಯ್ತದೆ. ಇನ್ಮೇಲೆ ಮಾತ್ರೆ ಕೊಡ್ಬೇಡ, ಅಷ್ಟೇ. ಯಾರ್ಗೂ ಹೇಳ್ಬೇಡ. ನನ್ ಮೇಲಾಣೆ."

ನನಗೂ ಅದೇ ಬೇಕಿತ್ತು ಅನ್ನಿಸುತ್ತದೆ. ನಾಲ್ಕು ಮಾತ್ರೆ ಕೊಟ್ಟ ಕೈ ನನ್ನದು. ಆ ಬೆಳಗಿನಿಂದ ಮಾರನೇ ಬೆಳಗಿನವರೆಗೂ ನಾನು ಬಾಯಿ ಮುಚ್ಚಿಕೊಂಡಿದ್ದೆ. ಹುಟ್ಟಿದಾಗಿನಿಂದ ಅಷ್ಟು ಹೊತ್ತು ಸುಮ್ಮನಿದ್ದುದು ಅದೇ ಮೊದಲು. ಸುಮ್ಮನಿರಬಾರದ ಒಂದೇ ದಿನವನ್ನು ನೋಡಿಕೊಂಡು ಸುಮ್ಮನಿದ್ದೆ.

ಮಾರನೇ ಬೆಳಿಗ್ಗೆ ಐಸಿಯುವಿನ ಗಾಜಿನಿಂದ ನೋಡಿದೆ. ಅಣ್ಣನಿಗೆ ಪ್ರಜ್ಞೆ ಅರೆಬರೆ. ಕೈ ಮುಂದೆ ಚಾಚಿ, ಹೊದಿಕೆಯ ಮೇಲೆ ಏನೋ ಹುಡುಕುತ್ತಿದ್ದ, ಹುಳು ಹುಡುಕುವ ಹಾಗೆ. ಅದನ್ನು ನೋಡಿದ ಮೇಲೆ ನನ್ನ ಕಾಲು ತಾನಾಗಿಯೇ ಡಾಕ್ಟರ ಹತ್ತಿರ ಹೋಯಿತು. ಎಲ್ಲ ಹೇಳಿದೆ. ಅವರು ಫೈಲಿನಿಂದ ತಲೆಯೆತ್ತಲಿಲ್ಲ.

"ಅವತ್ತು ಕುಡುಕನ ಆಕ್ಟಿಂಗ್ ಮಾಡಿದ್ದು ನೀನೇ ಅಲ್ವಾ? ಇವತ್ತು ಇದ್ಯಾವುದು ಹೊಸದು?"

ನನ್ನ ದನಿಯಲ್ಲಿ ಹೇಳಲು ನೋಡಿದೆ. ನನ್ನ ದನಿ ಯಾವುದು ಅಂತಲೇ ಹೊಳೆಯಲಿಲ್ಲ. ಒಂದು ಸಲ ಅಣ್ಣನ ಹಾಗೆ ಕೇಳಿಸಿತು, ಒಂದು ಸಲ ಅವರದೇ ಹಾಗೆ. ಕೊನೆಗೆ ವರಾಂಡಕ್ಕೆ ಓಡಿ, ದೊಡ್ಡಮ್ಮ ಕೈ ಹಿಡಿದರೂ ಬಿಡದೆ, ಚೀಲವನ್ನು ನೆಲಕ್ಕೆ ಸುರಿದೆ. ಕಾಯಿಯೆಲ್ಲ ಉರುಳಿದವು. ಜಿಡ್ಡು ಹಿಡಿದ ಪಟ್ಟಿಯನ್ನು ಹಿಂದೆಯೇ ಬಂದಿದ್ದ ಡಾಕ್ಟರ ಕೈಗೆ ಕೊಟ್ಟೆ.

ಅವರು ಓದಿದರು. "ವಾಲ್ಪ್ರೋಯೇಟ್" ಅಂದರು, ತಮ್ಮಷ್ಟಕ್ಕೆ. "ಎಷ್ಟು ವರ್ಷದಿಂದ ಫಿಟ್ಸು?"

"ಹತ್ನೇ ಕ್ಲಾಸಿಂದ. ಹೋದ ತಿಂಗ್ಳು ಜಾಸ್ತಿ ಮಾಡಿದ್ರು. ಮೊನ್ನೆ ನಾಲ್ಕು ಕೊಟ್ಟೆ. ರಾತ್ರಿ ಎರಡು."

"ಇದೇ ಪ್ರಶ್ನೆ ಮೊದಲ ದಿನ ಕೇಳಿದ್ದೆ" ಅಂದರು. ದನಿ ಏರಿಸಲಿಲ್ಲ, ಅದೇ ಕಷ್ಟವಾಯಿತು. "ಎಷ್ಟೋ ಜನಕ್ಕೆ ಜೀವ ಕೊಡೋ ಮಾತ್ರೆ ಇದು. ಎಲ್ಲೋ ಒಬ್ಬರಿಗೆ ಹೀಗಾಗುತ್ತೆ. ಆದ ಮೇಲೆ ಮತ್ತೆ ಕೊಟ್ರೆ ಮುಗೀತು. ಸುಮ್ನೆ ನಿಲ್ಸಿದ್ರೂ ಫಿಟ್ಸ್ ಬರುತ್ತೆ, ಬದಲಿಗೆ ಬೇರೆ ಮದ್ದು ಕೊಡ್ಬೇಕು. ನೀವು ಎರಡೂ ಮಾಡಿದ್ದೀರ." ಬದಲಿ ಇಂಜೆಕ್ಷನ್ನಿನ ಹೆಸರು ನರ್ಸಿಗೆ ಕೂಗಿ ಹೇಳುತ್ತ ಒಳಗೆ ಓಡಿದರು.

ಅಶ್ವತ್ಥಪ್ಪ ಗೋಡೆಗೊರಗಿ ನಿಂತಿದ್ದ. "ಫಿಟ್ಸಾ?" ಅಂದ.

ಅವನ ಹೆಂಡತಿ ಮಡಿಲಲ್ಲಿದ್ದ ಸಿಪ್ಪೆ ಕೊಡವಿ ಎದ್ದಳು. ಅಶ್ವತ್ಥಪ್ಪ ದೊಡ್ಡಮ್ಮನ ಕಡೆ ತಿರುಗಿ, "ಕುಡಿತ ಆಗಿದ್ರೆ ಬಿಡಿಸ್ಬೋದಿತ್ತು ಲಕ್ಷ್ಮಮ್ಮ" ಅಂದ. ಬೈಯಲಿಲ್ಲ. ಕಾಯಿಯ ಮೇಲೆ ಕಾಲಿಡದ ಹಾಗೆ ಜಾಗ ನೋಡಿಕೊಂಡು ನಡೆದುಹೋದ. ದೊಡ್ಡಮ್ಮ ನೆಲದ ಮೇಲಿನ ಕಾಯಿಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿದಳು. ಎಲ್ಲ ಆರಿಸಿ ಮುಗಿದ ಮೇಲೆ ನನಗೆ, "ನಿನ್ ಬಾಯಿ ಬಿದ್ದೋಗ" ಅಂದಳು. ಆಮೇಲೆ ಇವತ್ತಿನವರೆಗೂ ಅವಳು ನನ್ನ ಹತ್ತಿರ ಮಾತಾಡಿಲ್ಲ.

ಅಣ್ಣ ಬದುಕಿದ. ಹದಿನೆಂಟು ದಿನ ಬೇಕಾಯಿತು. ಮೇದೋಜೀರಕದ ಒಂದು ಭಾಗ ಸತ್ತಿದೆ, ಸಕ್ಕರೆ ನೋಡಿಕೊಳ್ಳಬೇಕು, ಜಿಡ್ಡು ತಿನ್ನಬಾರದು ಅಂದರು. ಮನೆಗೆ ಕರೆತಂದಾಗ ಸಂಕ್ರಾಂತಿ ಕಳೆದಿತ್ತು. ಹುಳುಗಳು ಜ್ವರದಿಂದ ಎದ್ದು ಸೊಪ್ಪಿಗಾಗಿ ತಲೆಯೆತ್ತಿ, ಹಾಕುವವರಿಲ್ಲದೆ ಸತ್ತಿದ್ದವು. ಬೇರೆಯವರನ್ನು ಒಳಗೆ ಬಿಟ್ಟು ಕಲಿಸಿದವನೇ ಅಲ್ಲವಲ್ಲ ಅವನು. ನೆರೆಯವರು ಬಾಚಿ ತಿಪ್ಪೆಗೆ ಹಾಕಿದ್ದರು. ಅವನು ತಿಪ್ಪೆಯ ಹತ್ತಿರ ನಿಂತು ನೋಡಿ ಒಳಗೆ ಬಂದ.

ಊರಿಗೆಲ್ಲ ಗೊತ್ತಾಗಿತ್ತು. ಸೊಪ್ಪು ಕುಯ್ಯುವ ಹೆಂಗಸರು ನೀರು ಕೊಟ್ಟರೆ ಲೋಟ ಕೆಳಗಿಟ್ಟು ದೂರ ಸರಿಯುತ್ತಿದ್ದರು. ಬಾಯಿ ನಾರುತ್ತ ಪಾಠ ಹೇಳಿದ್ದವರು ಈಗ ರಸ್ತೆಯಿಂದಲೇ, "ಹೆಂಗಿದ್ದೀಯಪ್ಪ" ಅಂತ ಕೇಳಿ ಹೋಗುತ್ತಿದ್ದರು. "ಕುಡುಕ ಆಗಿದ್ದಾಗ ಮಂಚದ ಮೇಲೆ ಕೂರೋರು" ಅಂದ ಅಣ್ಣ ಒಂದು ದಿನ. ತಮಾಷೆಯೋ ಏನೋ ತಿಳಿಯಲಿಲ್ಲ.

ನಾನು ಊರು ಬಿಡುವ ದಿನ ಬೆಳಿಗ್ಗೆ, ದೊಡ್ಡಮ್ಮ ತೊಟ್ಟಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ನಾನು ನಡುಮನೆಯಲ್ಲಿ ಬ್ಯಾಗು ತುಂಬುತ್ತಿದ್ದೆ. ಅಣ್ಣ ಗೋಡೆಗೊರಗಿ ಕೂತಿದ್ದ, ಅಂಗಿಯೊಳಗೆ ಮೂಳೆ ಎಣಿಸಬಹುದಿತ್ತು.

"ಎಲ್ಲರ್ದೂ ಮಾಡ್ತೀಯ. ನಂದು ಮಾಡು" ಅಂದ.

"ಮಾಡಿದ್ನಲ್ಲಣ್ಣ, ಆಸ್ಪತ್ರೇಲಿ. ಅದಕ್ಕೇ ಇಷ್ಟೆಲ್ಲಾ ಆಗಿದ್ದು."

"ಅದು ನಾನಲ್ಲ. ಫಿಟ್ಸ್ ಬಂದಾಗ ನಾನ್ ಹೆಂಗಿರ್ತೀನಿ, ಅದು ಮಾಡು. ಹದಿನೈದು ವರ್ಷ ಆಯ್ತು, ನೋಡಿದೋರೆಲ್ಲಾ ನೋಡವ್ರೆ, ನಾನೇ ನೋಡಿಲ್ಲ."

ಆಗಲ್ಲ ಅಂದೆ. ಅವನು ನನ್ನಿಂದ ಕಣ್ಣು ಕೀಳಲಿಲ್ಲ. ನಾನು ಬ್ಯಾಗು ಬಿಟ್ಟು ನೆಲದ ಮೇಲೆ ಮಲಗಿದೆ. ಮೂರು ಸಲ ನೋಡಿದ್ದೆ, ಸಾಕಿತ್ತು ನನಗೆ. ಮೊದಲು ಒಂದು ಕಡೆಗೆ ತಿರುಗುವ ಕತ್ತು, ಆ ಒಂದು ಸದ್ದು, ಕಟ್ಟಿಗೆಯಾಗುವ ಕೈಕಾಲು. ಆಮೇಲೆ ಅದುರು. ನೆಲಕ್ಕೆ ಬಡಿಯುವ ಹಿಮ್ಮಡಿ. ತುಟಿಯಂಚಿನ ನೊರೆಗೆ ಉಗುಳು ಬಂತು, ಅದನ್ನೂ ಬಿಟ್ಟೆ. ಅದುರನ್ನು ನಿಧಾನವಾಗಿ ನಿಲ್ಲಿಸಿದೆ. ಗೊರಕೆಯಂಥ ಉಸಿರು. ಯಾರೂ ನಗದ ನನ್ನ ಮೊದಲ ಆಟ.

"ಇಷ್ಟೇನಾ?" ಅಂದ ಅಣ್ಣ. "ನಾನ್ ಇನ್ನೂ ಏನೋ ಅಂದ್ಕೊಂಡಿದ್ದೆ." ಆಮೇಲೆ, "ಆವಾಗ ಅಮ್ಮ ಏನ್ ಮಾಡ್ತಾಳೆ?"

ಬೇರೆ ಏನಾದರೂ ಮಾಡಬಹುದಿತ್ತು. ತಲೆ ತೊಡೆಯ ಮೇಲೆ ಇಟ್ಟುಕೊಳ್ಳುವುದರಿಂದ ಶುರು ಮಾಡಬಹುದಿತ್ತು. ಆದರೆ ಒಮ್ಮೆ ದೊಡ್ಡಮ್ಮನಾದರೆ ಅವಳು ಮಾಡುವುದನ್ನೇ ಮಾಡುತ್ತೇನೆ ನಾನು, ಕೈ ತಡೆಯುವುದಿಲ್ಲ. ಎದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ. ನೆಲದ ಮೇಲಿನ ಮಗನನ್ನು ದಾಟಿ ಹೋಗಿ ಬೀದಿ ಬಾಗಿಲು ಹಾಕಿದೆ. ಚಿಲಕ ಹಾಕಿದೆ. ಕಿಟಕಿ ಎರಡೂ ಹಾಕಿದೆ. ಟಿ.ವಿ. ಹಾಕಿ ಸದ್ದು ಹೆಚ್ಚು ಮಾಡಿದೆ. ಅದಾದ ಮೇಲೆ ಬಂದು ಕೂತು, ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡೆ.

ಕತ್ತಲಾದ ನಡುಮನೆಯಲ್ಲಿ ಟಿ.ವಿ. ಅರಚುತ್ತಿತ್ತು. ಅಣ್ಣ ಅದನ್ನು ಆರಿಸು ಅನ್ನುವ ಹಾಗೆ ಕೈ ಮಾಡಿದ. ಆರಿಸಿದೆ. ಹೊರಗೆ ದೊಡ್ಡಮ್ಮ ಕಲ್ಲಿಗೆ ಬಟ್ಟೆ ಬಡಿಯುವ ಸದ್ದು ನಿಂತಿತ್ತು.

"ಬಾಗ್ಲು ತೆಗಿ" ಅಂದ.

ತೆಗೆದೆ. ಬೀದಿಯ ಬಿಸಿಲು ಅವನ ಕಾಲಿನವರೆಗೂ ಬಂತು.

"ಈಗ ಇನ್ನೊಂದ್ಸಲ ಮಾಡು. ಬಾಗ್ಲು ಹಾಕ್ಬೇಡ."

ನಾನು ಹೊಸ್ತಿಲ ಹತ್ತಿರವೇ, ಬೀದಿಗೆ ಕಾಣುವ ಹಾಗೆ, ಮಲಗಿದೆ.